ಅಸುಂತಾಳ ಹೆಬ್ಬೆರಳು

ಸೊರಪಂಪದ ಫೋನುಗಳು ಸೊರಪಂಪದಲ್ಲಿ ಇರಲಿಲ್ಲ. ಊರ ಮೇಲಿನ ಬೆಟ್ಟದ ನೆತ್ತಿಯಲ್ಲಿ, ದಾರಿಹೋಕರು ಒಂದೊಂದು ಕಲ್ಲಿಟ್ಟು ಮುಂದೆ ಹೋಗುವ ಕಲ್ಲುಗುಪ್ಪೆಯೊಳಗೆ ಇದ್ದವು. ಆ ಗುಪ್ಪೆಯನ್ನು ಅಪಚೇತ ಎನ್ನುತ್ತಾರೆ. ಊರು ಬೆಟ್ಟಗಳ ನಡುವಿನ ಗುಂಡಿಯಲ್ಲಿದೆ, ಅಲ್ಲಿ ಸಿಗ್ನಲ್ ಬರುವುದಿಲ್ಲ. ನೆತ್ತಿಗೆ ಹತ್ತಿದರೆ ಆಚೆಯ ಗಣಿಯವರ ಟವರಿನಿಂದ ಮೂರು ಗೆರೆ ಸಿಗುತ್ತದೆ. ಕೆಳಗಿಟ್ಟುಕೊಂಡ ಫೋನು ಕಲ್ಲಿಗಿಂತ ಕಡೆ. ಕಲ್ಲನ್ನಾದರೂ ಕುರಿದೊಡ್ಡಿಯ ಗೋಡೆಗೆ ಏರಿಸಬಹುದು. ಹೀಗಾಗಿ ಮನೆಗೊಂದರಂತೆ ನಲವತ್ತಮೂರು ಫೋನುಗಳು ಒಂದು ತಗಡಿನ ಪೆಟ್ಟಿಗೆಯಲ್ಲಿ, ಒಂದು ಸೋಲಾರ್ ಹಲಗೆಯ ಕೆಳಗೆ, ಹಗಲೂ ರಾತ್ರಿ ನೆತ್ತಿಯಲ್ಲೇ ಇರುತ್ತಿದ್ದವು. ಪೆಟ್ಟಿಗೆಗೆ ಬೀಗ ಇರಲಿಲ್ಲ. ಅಪಚೇತದಿಂದ ಒಂದು ಕಲ್ಲನ್ನೂ ಆ ಸೀಮೆಯಲ್ಲಿ ಯಾರೂ ಕದ್ದವರಲ್ಲ.

ಅವುಗಳ ಕಾವಲು ಅಸುಂತಾಳದು. ನಲವತ್ತಮೂರು ಫೋನು ಕಾಯುವ ಅವಳಿಗೆ ಸ್ವಂತ ಫೋನು ಇರಲಿಲ್ಲ.

ಅವಳಿಗೆ ಐವತ್ತನಾಲ್ಕು ವರ್ಷ. ದಿನಾ ಬೆಳಿಗ್ಗೆ ಟೈರಿನ ಚಪ್ಪಲಿ ಮೆಟ್ಟಿ, ಬೇಯಿಸಿದ ಆಲೂಗಡ್ಡೆ ಗಂಟು ಕಟ್ಟಿಕೊಂಡು ಎರಡು ಗಂಟೆ ಏರು ಹತ್ತುತ್ತಿದ್ದಳು. ಎಡಮಂಡಿ ಮೊದಲನೆಯ ತಿರುವಿನಲ್ಲೇ ನೋಯಲು ಶುರುವಾಗುತ್ತಿತ್ತು. ನೆತ್ತಿಯಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಫೋನು ಬಡಿದುಕೊಂಡರೆ ಪಕ್ಕದ ಗುಂಡಿ ಒತ್ತಿ ಎತ್ತುತ್ತಿದ್ದಳು. ರಾಜಧಾನಿ ಲಿಮಾದಿಂದ, ಅರೆಕಿಪಾ ನಗರದಿಂದ, ಗಣಿಯ ಶೆಡ್ಡುಗಳಿಂದ ಮಕ್ಕಳು, ಗಂಡಂದಿರು ಮಾತಾಡುತ್ತಿದ್ದರು. ಅವಳು ಕೇಳಿಸಿಕೊಂಡು, ಹೊತ್ತು ಮುಳುಗುವ ಮುಂಚೆ ಇಳಿದು, ಆಯಾ ಮನೆಯ ಬಾಗಿಲಲ್ಲಿ ನಿಂತು, ಫೋನು ಮಾಡಿದವರ ದನಿಯಲ್ಲೇ ಹೇಳುತ್ತಿದ್ದಳು. ಮಗ ಅತ್ತಿದ್ದರೆ ಅಳುತ್ತಿದ್ದಳು. ಗಂಡ ಕುಡಿದಿದ್ದರೆ ನಾಲಿಗೆ ತೊದಲಿಸುತ್ತಿದ್ದಳು. ಉತ್ತರವನ್ನು ಮರುದಿನ ಹೊತ್ತುಕೊಂಡು ಹತ್ತುತ್ತಿದ್ದಳು. ಅದಕ್ಕೆ ಮನೆಗೊಂದು ಬೊಗಸೆ ಆಲೂಗಡ್ಡೆ ಬರುತ್ತಿತ್ತು.

ಬೇರೆ ಕಣಿವೆಯಿಂದ ಮದುವೆಯಾಗಿ ಬಂದವಳು. ಗಂಡ ಮೆಲ್ಚೋರ್ ಗಣಿಯ ಧೂಳು ಕುಡಿದು ಸತ್ತ. ಮಕ್ಕಳಿರಲಿಲ್ಲ. ಹೊಲ ಊರಿಗೆ ಮರಳಿತು. ಹೊಲ ಇಲ್ಲದವರ ಹೆಸರು ಊರಿನ ಪಟ್ಟಿಯಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿ ಇಲ್ಲದವರು ಸಭೆಯಲ್ಲಿ ಬಾಗಿಲ ಪಕ್ಕ ಕೂರಬೇಕು, ಕೈ ಎತ್ತಬಾರದು. ಅಸುಂತಾ ಹದಿನಾರು ವರ್ಷ ಬಾಗಿಲ ಪಕ್ಕ ಕೂತಿದ್ದಳು.

ಆದರೆ ಊರಿನ ಗುಟ್ಟೆಲ್ಲ ಅವಳ ಹೊಟ್ಟೆಯಲ್ಲಿತ್ತು. ಹೆನಾರಾಳ ಗಂಡ ಲಿಮಾದಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದನ್ನು ಹೆನಾರಾಳಿಗೊಬ್ಬಳಿಗೇ, ಕುರಿದೊಡ್ಡಿಯ ಹಿಂದೆ ಹೇಳಿದ್ದಳು. ಮೂರು ವರ್ಷವಾದರೂ ಅದು ಅವಳ ಬಾಯಿಂದ ಮೂರನೆಯ ಕಿವಿಗೆ ಬಿದ್ದಿರಲಿಲ್ಲ. ಯಾರೂ ಅವಳಿಂದ ಮಾತು ತೆಗೆದುಕೊಂಡಿರಲಿಲ್ಲ, ಆಣೆ ಹಾಕಿಸಿರಲಿಲ್ಲ.

ಫೆಬ್ರವರಿಯ ಮಳೆಯಲ್ಲಿ ನೆತ್ತಿಗೆ ಒಂದು ಜೀಪು ಬಂತು. ಕೆಂಪು ಅಂಗಿ ತೊಟ್ಟ ಒಬ್ಬ ಹುಡುಗಿ ಇಳಿದಳು.

"ಯಾವೂರು ತಾಯೀ ಇದು?"

"ಇದು ಊರಲ್ಲ ಮಗಾ. ಊರು ಕೆಳಗೈತೆ."

ಹುಡುಗಿ ಕೆಳಗೆ ನೋಡಿದಳು. ಕೆಳಗೆ ಮೋಡ ತುಂಬಿತ್ತು. "ಹೌದಾ," ಅಂದಳು. ಇಳಿಯುವ ಯೋಚನೆ ಮಾಡಲಿಲ್ಲ. ಪೆಟ್ಟಿಗೆಯಲ್ಲಿದ್ದ ಫೋನುಗಳನ್ನು ಕಂಡು ಅವಳ ಮುಖ ಅರಳಿತು. ಮನೆಮನೆ ಅಲೆಯುವ ಕೆಲಸ ತಪ್ಪಿತ್ತು.

"ಇದಕ್ಕೆಲ್ಲ ಒಂದು ಆ್ಯಪ್ ಹಾಕ್ತೀನಿ. ಎಲ್ಲಿ ಸಿಗ್ನಲ್ ಇದೆ, ಎಲ್ಲಿ ಇಲ್ಲ ಅಂತ ಫೋನೇ ನಮಗೆ ಹೇಳತ್ತೆ. ನಕ್ಷೆ ಆಗತ್ತೆ. ನಕ್ಷೆ ನೋಡಿ ಸರ್ಕಾರದೋರು ಟವರ್ ಹಾಕ್ತಾರೆ."

"ಸಿಗ್ನಲ್ ಇಲ್ಲದ ಕಡೆಯಿಂದ ಫೋನು ಹೆಂಗೆ ಹೇಳ್ತದೆ?"

ಹುಡುಗಿ ಒಂದು ಫೋನು ಕೈಗೆತ್ತಿಕೊಂಡಳು. "ಅದನ್ನ ಮೇಲಿನೋರು ನೋಡ್ಕೋತಾರೆ."

ಪರದೆಯ ಮೇಲೆ ಸ್ಪ್ಯಾನಿಷ್ ಅಕ್ಷರ ಮೂಡಿತು. ಅಸುಂತಾಳಿಗೆ ಓದಲು ಬರದು. ಸಂತೆಗೆ ಸಾಕಾಗುವಷ್ಟು ಸ್ಪ್ಯಾನಿಷ್ ಗೊತ್ತು, ಅಷ್ಟೇ. ಹುಡುಗಿ ಓದಿ ಹೇಳಿದಳು. ನೀವು ಎಲ್ಲಿದ್ದೀರಿ ಅಂತ ಯಾವಾಗಲೂ ತಿಳಿಯೋಕೆ ಬಿಡ್ತೀರಾ? ನಿಮಗೆ ಯಾರ್ಯಾರು ಗೊತ್ತು ಅಂತ ನೋಡೋಕೆ ಬಿಡ್ತೀರಾ? ಸುತ್ತಲಿನ ಸದ್ದು ಕೇಳಿಸಿಕೊಳ್ಳೋಕೆ ಬಿಡ್ತೀರಾ? ಇದನ್ನೆಲ್ಲ ನಮಗೆ ಸರಿ ಅನ್ನಿಸಿದವರಿಗೆ ಕೊಡೋಕೆ ಬಿಡ್ತೀರಾ?

"ಸಿಗ್ನಲ್ ನೋಡಾಕೆ ಇಷ್ಟೆಲ್ಲಾ ಯಾಕೆ?"

"ಎಲ್ಲಾ ಆ್ಯಪೂ ಕೇಳತ್ತೆ ತಾಯೀ."

"ಬಿಡಲ್ಲ ಅನ್ನೋ ಗುಂಡಿ ಯಾವುದು?"

"ಇದೆ. ಇಲ್ನೋಡಿ, ಸಣ್ಣದು. ಅದನ್ನ ಒತ್ತಿದ್ರೆ ಮತ್ತೆ ಮೊದಲಿಂದ ಕೇಳತ್ತೆ."

"ಇವು ನನ್ನವಲ್ಲ. ಕೆಳಗೆ ಹೋಗಿ ಕೇಳ್ಕೊಂಡು ಬತ್ತೀನಿ. ನಾಳೆ ಹೇಳ್ತೀನಿ."

"ನಾಳೆ ನಾನು ಬೇರೆ ಬೆಟ್ಟದಲ್ಲಿರ್ತೀನಿ. ನೋಡ್ಕೊಳ್ಳೋರು ನೀವೇ ತಾನೆ? ನೀವೊತ್ತಿದ್ರೂ ಒಂದೇ, ಅವರೊತ್ತಿದ್ರೂ ಒಂದೇ. ಟವರ್ ಬೇಕೋ ಬೇಡ್ವೋ?"

ಅಸುಂತಾ ಕೆಳಗಿನ ಮೋಡ ನೋಡಿದಳು. ಟವರ್ ಬಂದರೆ ಹತ್ತುವುದು ತಪ್ಪುತ್ತದೆ. ಆಲೂಗಡ್ಡೆಯೂ ತಪ್ಪುತ್ತದೆ. ಆದರೆ ಹೆರಿಗೆ ಕಷ್ಟವಾದ ಹೆಂಗಸರನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ಈ ಏರು ಹತ್ತಿಸಿದ್ದನ್ನು ಅವಳು ಕಂಡಿದ್ದಳು. ಅವರಲ್ಲಿ ಇಬ್ಬರು ಈ ಕಲ್ಲುಗುಪ್ಪೆಯ ಹತ್ತಿರವೇ ಸತ್ತಿದ್ದರು. ಅವಳು ಬೆರಳು ಚಾಚಿದಳು.

ಬೆರಳು ಪರದೆಗೆ ಹತ್ತಲಿಲ್ಲ. ಅದು ಚಳಿಗೆ ಸೀಳಿ, ಮಣ್ಣಿಗೆ ಕಲ್ಲಾಗಿದ್ದ ಬೆರಳು. ಫೋನು ಅದನ್ನು ಬೆರಳೆಂದು ಒಪ್ಪಲಿಲ್ಲ. ಹುಡುಗಿ ಅವಳ ಹೆಬ್ಬೆರಳನ್ನು ಹಿಡಿದು ಉಸಿರು ಬಿಟ್ಟು ಬೆಚ್ಚಗೆ ಮಾಡಿದಳು. ಆಗಲೂ ಹತ್ತಲಿಲ್ಲ. ತನ್ನ ನಾಲಿಗೆಗೆ ಬೆರಳು ತಾಗಿಸಿ, ಆ ಎಂಜಲನ್ನು ಅಸುಂತಾಳ ಹೆಬ್ಬೆರಳಿಗೆ ಸವರಿ, ಒತ್ತಿದಳು. ಹತ್ತಿತು. ಆಮೇಲೆ ಹಾಲು ಕರೆಯುವವರು ಕೆಚ್ಚಲು ಹಿಡಿದಂತೆ ಹಿಡಿದುಕೊಂಡು ಒತ್ತುತ್ತಲೇ ಹೋದಳು. ಫೋನಿಗೆ ನಾಲ್ಕು ಸಲ. ನಲವತ್ತಮೂರು ಫೋನು. ನೂರ ಎಪ್ಪತ್ತೆರಡು ಸಲ. ಅಸುಂತಾ ಎಣಿಸಿದಳು. ಕುರಿ ಎಣಿಸುವವರಿಗೆ ಎಣಿಸದೆ ಇರುವುದು ಬರುವುದಿಲ್ಲ.

ಹುಡುಗಿ ಅವಳಿಗೊಂದು ಟೋಪಿ ಕೊಟ್ಟು ಹೋದಳು.

ಜೂನ್ ಬಂತು. ಹೊಲ ಅಗೆದು ಆಲೂಗಡ್ಡೆ ಕಿತ್ತಾಗಿತ್ತು. ಒಂದು ಬೆಳಿಗ್ಗೆ ಅಸುಂತಾ ನೆತ್ತಿ ತಲುಪುವಾಗ ಅಲ್ಲಿ ಮೂರು ಲಾರಿ ನಿಂತಿದ್ದವು. ಆಳುಗಳು ನೀಲಿ ಬಣ್ಣದ ನಾಲ್ಕು ಪ್ಲಾಸ್ಟಿಕ್ ಪಾಯಿಖಾನೆಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಒಂದು ನೀರಿನ ಟ್ಯಾಂಕು ಇಳಿದಿತ್ತು. ಒಂದು ತಗಡಿನ ಕೋಣೆ ಎದ್ದಿತ್ತು, ಒಳಗೆ ಕರಿಹಲಗೆ ತೂಗುಹಾಕಿದ್ದರು. ಗಾಳಿಗೆ ಪಾಯಿಖಾನೆಗಳ ಬಾಗಿಲು ಬಡಿದುಕೊಳ್ಳುತ್ತಿದ್ದವು.

ಬಿಳಿ ಹೆಲ್ಮೆಟ್ ಹಾಕಿದ ಗಂಡಸು ಅವಳತ್ತ ಬಂದ. ಬೆರ್ಮೂದೆಸ್ ಅಂತ ಹೆಸರು, ಪಟ್ಟಣದ ಸರ್ಕಾರಿ ಕಚೇರಿಯವನು. ಆ ಸೀಮೆಯಲ್ಲಿ ಕಾಗದ ಹಿಡಿದು ಬಂದವರೆಲ್ಲ ಇಂಜಿನಿಯರ್ ಸಾಹೇಬರೇ.

"ಉಳಿದವರೆಲ್ಲ ಎಲ್ಲಿ ತಾಯೀ?"

"ಯಾರು ಸಾಹೇಬ್ರೆ?"

"ಇಲ್ಲಿರೋರು. ನಲವತ್ತಮೂರು ಜನ." ಕೈಯಲ್ಲಿದ್ದ ಹಲಗೆಯಂಥ ಫೋನು ತೋರಿಸಿದ. ಅದರ ನಕ್ಷೆಯಲ್ಲಿ ನೆತ್ತಿಯ ಮೇಲೆ ಕೆಂಪು ಚುಕ್ಕೆಗಳು ಇರುವೆ ಮುತ್ತಿದಂತಿದ್ದವು. "ಹಗಲೂ ಇಲ್ಲೇ, ರಾತ್ರೀನೂ ಇಲ್ಲೇ. ಅಲ್ಲಾಡೋದೇ ಇಲ್ಲ. ಪಾಪ, ಈ ಚಳೀಲಿ ಹ್ಯಾಗಿರ್ತಾರೋ ಅಂತ ಲಿಮಾದಲ್ಲಿ ದೊಡ್ಡೋರೆಲ್ಲ ಮರುಗಿದ್ರು."

ಅಸುಂತಾ ಪೆಟ್ಟಿಗೆಯ ಮುಚ್ಚಳ ತೆಗೆದಳು. ಬೆರ್ಮೂದೆಸ್ ಬಗ್ಗಿ ನೋಡಿದ. ಮುಚ್ಚಳ ಮುಚ್ಚಿದ.

"ಜನ ಕೆಳಗವ್ರೆ ಸಾಹೇಬ್ರೆ. ಊರು ಕೆಳಗೈತೆ. ಅದೋ, ಒಲೆ ಹೊಗೆ ಕಾಣ್ತೈತಲ್ಲ."

ಅವನು ಹೊಗೆ ನೋಡಿದ. ಆಮೇಲೆ ಕೈಯಲ್ಲಿದ್ದುದನ್ನು ನೋಡಿದ. ಅದರಲ್ಲಿ ಕಣಿವೆ ಬರೀ ಬೂದು ಬಣ್ಣ, ಖಾಲಿ.

"ಹೊಗೆ ನಕ್ಷೇಲಿ ಬರಲ್ಲ. ಸಿಗ್ನಲ್ ಇದ್ದ ಕಡೆ ಮಾತ್ರ ಜನ ಕಾಣ್ತಾರೆ. ಕೆಳಗೆ ಯಾರೂ ಇಲ್ಲ ಅಂತ ನಾಲ್ಕು ತಿಂಗಳಿಂದ ಇದೆ ಇಲ್ಲಿ."

"ಮತ್ತೆ ನಮ್ಮೂರ ಶಾಲೆ?"

"ಮೇಲಕ್ಕೆ ತಂದಿದೀವಲ್ಲ."

ಹೋಗುವ ಮುಂಚೆ ಅವನು ಉಳಿದ ಮಾತನ್ನೂ ಹೇಳಿದ. ಕಣಿವೆಯಲ್ಲಿ ಯಾರೂ ಇಲ್ಲವಾದ್ದರಿಂದ ಅದನ್ನು ಗಣಿಗೆ ಕೊಡುತ್ತಾರೆ. ಗಣಿಯ ಹೊಲಸು ನೀರು ನಿಲ್ಲಿಸಲು ಕೆರೆ ಕಟ್ಟುತ್ತಾರೆ. ಆದರೂ ಕಾಯಿದೆ ಇದೆ, ಹತ್ತಿರದ ಜನರನ್ನು ಕೇಳಲೇಬೇಕು. ಹತ್ತಿರದ ಜನ ಅಂದರೆ ಈ ನಲವತ್ತಮೂರು. ಅವರ ಫೋನಿಗೇ ಪ್ರಶ್ನೆ ಬರುತ್ತದೆ. ಹಸಿರು ಒತ್ತಿದರೆ ಒಪ್ಪಿಗೆ, ಆದರೆ ಒತ್ತುವುದು ಮೊದಲು ಒತ್ತಿದ ಬೆರಳೇ ಆಗಬೇಕು, ಸಾಹೇಬರು ಒತ್ತುವಂತಿಲ್ಲ.

"ನೀವೇ ಒತ್ತಿಬಿಡಿ ತಾಯೀ. ಹಿಂದೇನೂ ನೀವೇ ತಾನೆ ಒತ್ತಿದ್ದು?"

ಅಸುಂತಾ ಆ ದಿನ ಯಾವ ಫೋನೂ ಎತ್ತಲಿಲ್ಲ. ಹನ್ನೊಂದು ಗಂಟೆಗೇ ಇಳಿದಳು. ಮಂಡಿಯ ನೋವು ಅವಳಿಗೆ ಗೊತ್ತಾಗಲಿಲ್ಲ.

ಮಧ್ಯಾಹ್ನವೇ ಸಭೆ ಸೇರಿತು. ಊರಿನ ಅಧ್ಯಕ್ಷ ತೆಯೊದೋಸಿಯೊ ಬೆಳ್ಳಿ ಕಟ್ಟಿದ ಕೋಲು ಹಿಡಿದು ಎದ್ದ. ಅಸುಂತಾ ಬಾಗಿಲ ಪಕ್ಕ ನಿಂತೇ ಎಲ್ಲವನ್ನೂ ಹೇಳಿದಳು. ಎಂಜಲು ಹಚ್ಚಿದ್ದನ್ನೂ ಹೇಳಿದಳು.

"ಯಾರ್ನ ಕೇಳಿ ಒತ್ತಿದೆ?" ತೆಯೊದೋಸಿಯೊ ಕೋಲು ಕುಟ್ಟಿದ. "ಊರ್ನೇ ಬರ್ಕೊಟ್ಟೆಯಲ್ಲೇ! ನಿಂಗೆ ಯಾರು ಕೊಟ್ರು ಅಧಿಕಾರ?"

"ಯಾರೂ ಕೊಟ್ಟಿಲ್ಲ. ಈ ಸಭೇಲಿ ಕೈ ಎತ್ತಾಕೂ ನಂಗೆ ಕೊಟ್ಟಿಲ್ಲ. ಆ ಹುಡುಗಿ ಕೇಳ್ದೆ ಹಿಡ್ಕೊಂಡ್ಳು, ಒತ್ತಿಸ್ಕೊಂಡ್ಳು. ನಾನು ಚಾಚಿದ್ದು ತಪ್ಪು. ಅದು ನನ್ನ ತಪ್ಪೇ."

ಅಷ್ಟರಲ್ಲಿ ಹೆನಾರಾ ಎದ್ದಳು. "ಅಸುಂತವ್ವ, ಸುತ್ತಲ ಸದ್ದು ಕೇಳಾಕೆ ಬಿಡ್ತೀರಾ ಅಂತ ಅಂದ್ಯಲ್ಲ. ಅಂದ್ರೆ ಅದು ಎಲ್ಲಾ ಕೇಳಿಸ್ಕೊಂಡೈತಾ?"

"ಕೇಳಿಸ್ಕೊಂಡೈತೆ ಅನ್ಸುತ್ತೆ."

"ಯಾರಿಗೆ ಹೇಳ್ತದೆ?"

"ಅವ್ರಿಗೆ ಸರಿ ಅನ್ಸಿದೋರಿಗೆ."

ನಲವತ್ತಮೂರು ಮನೆಯವರೂ ತಂತಮ್ಮ ಫೋನು ಈ ವರ್ಷ ಏನೇನು ಕೇಳಿಸಿಕೊಂಡಿತ್ತು ಎಂದು ಲೆಕ್ಕ ಹಾಕತೊಡಗಿದರು.

"ಅದು ಹೇಳೋಕ್ಮುಂಚೆ ನಾನೇ ಹೇಳ್ಬಿಡ್ತೀನಿ," ಹೆನಾರಾ ಅಂದಳು. "ನನ್ನ ಗಂಡ ಲಿಮಾದಲ್ಲಿ ಇನ್ನೊಬ್ಳನ್ನ ಇಟ್ಕೊಂಡವ್ನೆ. ಎರಡು ಮಕ್ಕಳು. ಮುಗೀತು."

"ಅದು ನಮಗೆಲ್ಲಾ ಗೊತ್ತು ಕಣೆ," ಅಂದಳು ಪಕ್ಕದವಳು.

"ಗೊತ್ತಾ? ಯಾರು ಹೇಳಿದ್ರು?"

"ನಿನ್ನ ಗಂಡನೇ. ಹಬ್ಬಕ್ಕೆ ಬಂದಾಗ ಕುಡ್ದು ಹೇಳ್ದ."

ಹೆನಾರಾ ಅಸುಂತಾಳತ್ತ ನೋಡಿದಳು. ಮೂರು ವರ್ಷ ಇಬ್ಬರೂ ಹೊತ್ತ ಭಾರ ಇಷ್ಟೇ ಆಗಿತ್ತು. ಕೂತುಬಿಟ್ಟಳು.

ಮುದುಕ ಇಲಾರಿಯೋನ್ ಎದ್ದ. "ಎಪ್ಪತ್ತೆಂಟನೇ ಇಸವೀಲಿ ತೆಯೊದೋಸಿಯೊನ ಅಪ್ಪನ ಹೊಲದ ಎಲ್ಲೆಕಲ್ಲು ಮೂರು ಹೆಜ್ಜೆ ಆಚೆಗಿಟ್ಟೋನು ನಾನೇ."

"ನೀನಾ!" ತೆಯೊದೋಸಿಯೊ ಕೋಲೆತ್ತಿದ.

"ನಾಲ್ಕು ಹೆಜ್ಜೆ ಇರ್ಬೋದು."

"ಅದನ್ನ ಫೋನಲ್ಲಿ ಯಾರಿಗೆ ಹೇಳಿದ್ಯೋ ಮುದುಕಾ?"

"ಯಾರ್ಗೂ ಹೇಳಿಲ್ಲ. ಆದ್ರೂ ಅದು ಕೇಳಿಸ್ಕೊಂಡಿದ್ರೆ?"

ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಒಬ್ಬ ಇನ್ನೊಬ್ಬನ ಅಲ್ಪಾಕಾವನ್ನು ಕದ್ದು ಕೊಯ್ದು ತಿಂದಿದ್ದ. ಒಬ್ಬಳು ಅತ್ತೆಯ ಗಂಜಿಗೆ ಉಗುಳಿದ್ದಳು. ಶಾಲೆಯ ಹಿಟ್ಟು ಕಾಣೆಯಾದದ್ದಕ್ಕೆ ಮೂವರು ಒಟ್ಟಿಗೆ ತಪ್ಪೊಪ್ಪಿಕೊಂಡರು, ಹಿಟ್ಟು ಒಂದೇ ಮೂಟೆಯಾಗಿತ್ತು. ಬೈಗುಳ ಎದ್ದಿತು, ಒಂದೆರಡು ಏಟೂ ಬಿದ್ದವು. ಕೆಲವರು ನಕ್ಕರು, ಕೆಲವರು ಅತ್ತರು. ಹೊತ್ತಿಳಿಯುವಾಗ ಊರಿನಲ್ಲಿ ಒಂದು ಗುಟ್ಟೂ ಉಳಿದಿರಲಿಲ್ಲ.

ತೆಯೊದೋಸಿಯೊ ಸುಸ್ತಾಗಿ ಕೂತ. "ಇವ್ಳಿಂದ ಕಾವಲು ಬಿಡಿಸ್ಬೇಕು," ಅಂದ. ದನಿಯಲ್ಲಿ ಗಟ್ಟಿತನ ಇರಲಿಲ್ಲ.

"ಬಿಡ್ಸು," ಅಂದಳು ಅಸುಂತಾ. "ಆಲೂಗಡ್ಡೇನೂ ನಿಲ್ಸು. ಆದ್ರೆ ಮೊದ್ಲು ಈ ಬೆರಳು ಮಾಡಿದ್ದನ್ನ ಈ ಬೆರಳೇ ಬಿಚ್ಚಿ ಬರ್ಲಿ. ಫೋನುಗಳ್ನ ಪಟ್ಟಣಕ್ಕೆ ಒಯ್ತೀನಿ. ಆ ಸಾಹೇಬ್ನ ಮುಂದೆ ಇಡ್ತೀನಿ."

"ಇಟ್ಟು?"

"ಜನ ಎಲ್ಲವ್ರೆ ಅಂತ ಅವ್ನೇ ಹೇಳ್ಲಿ."

ಯಾರಿಗೂ ಪೂರಾ ಅರ್ಥವಾಗಲಿಲ್ಲ. ಬೇರೆ ದಾರಿಯೂ ಕಾಣಲಿಲ್ಲ. ತೆಯೊದೋಸಿಯೊ, "ಎಲ್ಲಾ ಒಪ್ಪಿದ್ದೀರಾ?" ಎಂದು ಸಭೆಯನ್ನು ಕೇಳಲು ಹೊರಟ. ಅಸುಂತಾ ತಡೆದಳು. "ಹಂಗೆ ಬ್ಯಾಡ. ಒಬ್ಬೊಬ್ರನ್ನ ನಾನೇ ಕೇಳ್ತೀನಿ."

ಮರುದಿನ ಬೆಳಕು ಹರಿದಾಗಿನಿಂದ ನಲವತ್ತಮೂರು ಬಾಗಿಲು ತಿರುಗಿದಳು. ಪ್ರತಿ ಬಾಗಿಲಲ್ಲೂ ಒಂದೇ ಮಾತು. "ನಿನ್ನ ಫೋನು ಒಯ್ಯಲಾ? ಒಯ್ದರೆ ಮನೆಯೋರ ಸುದ್ದಿ ನಿಂತೋಗ್ತೈತೆ. ಎಷ್ಟು ದಿನ ಅಂತ ಗೊತ್ತಿಲ್ಲ. ಬ್ಯಾಡ ಅಂದ್ರೆ ಬ್ಯಾಡ." ನಲವತ್ತೆರಡು ಮನೆ ಹೂಂ ಅಂದವು. ಇಲಾರಿಯೋನ್ ಒಬ್ಬ ಒಪ್ಪಲಿಲ್ಲ.

"ನಂದು ಬ್ಯಾಡ. ಮೊಮ್ಮಗಳು ಫೋನು ಮಾಡ್ತಾಳೆ."

"ಸರಿ ತಾತ," ಅಂದಳು. ಇನ್ನೊಂದು ಸಲ ಕೇಳಲಿಲ್ಲ.

ನೆತ್ತಿಗೆ ಹತ್ತಿ ನಲವತ್ತೆರಡು ಫೋನನ್ನು ಕಂಬಳಿಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡಳು. ಒಂದನ್ನು ಪೆಟ್ಟಿಗೆಯಲ್ಲೇ ಬಿಟ್ಟಳು. ಆಲೂಗಡ್ಡೆ ಲಾರಿಯ ಮೂಟೆಗಳ ಮೇಲೆ ಕೂತು ಪಟ್ಟಣಕ್ಕೆ ಹೋದಳು.

ಕಚೇರಿಯ ಬಾಗಿಲಲ್ಲಿ ಕಾವಲಿನವನು ಗಂಟು ಹೊರಗಿಡು ಅಂದ. ಇಡಲಿಲ್ಲ. ಒಳಗೆ ಬೆಂಚು ಖಾಲಿ ಇತ್ತು. ಅವಳು ಕೂರಲು ಹೋದಾಗ ಗುಮಾಸ್ತೆ ಮೂಗು ಮುಚ್ಚಿಕೊಂಡು ಕಿಟಕಿ ತೆರೆದಳು. ಬಂದವಳ ಲಂಗದಿಂದ ಸಗಣಿಹೊಗೆಯ ವಾಸನೆ ಬರುತ್ತಿತ್ತು. ಅಸುಂತಾ ನಿಂತೇ ಇದ್ದಳು. ಮೂರು ಗಂಟೆ ನಿಂತಳು.

"ಯಾವೂರು?"

"ಸೊರಪಂಪ."

ಗುಮಾಸ್ತೆ ಕಂಪ್ಯೂಟರ್ ಒತ್ತಿ ನೋಡಿದಳು. "ಸೊರಪಂಪದಲ್ಲಿ ಯಾರೂ ಇಲ್ಲ. ಬೇರೆ ಊರು ಹೇಳಿ."

"ಬೇರೆ ಊರಿಲ್ಲ. ಅಲ್ಲಿ ನನ್ನ ಗಂಡನ್ನ ಹೂತಿದೀನಿ."

"ಹೂತೋರು ಬರಲ್ಲಮ್ಮ. ಜೀವಂತ ಇರೋರು ಯಾರಾದ್ರೂ?"

ಕೊನೆಗೆ ಆರನೇ ನಂಬರಿನ ಕೋಣೆಗೆ ಬಿಟ್ಟರು. ಬೆರ್ಮೂದೆಸ್ ಕೋಳಿ ಸೂಪು ಕುಡಿಯುತ್ತಿದ್ದ. ಅಸುಂತಾ ಮಾತಾಡಲಿಲ್ಲ. ನೆಲದ ಮೇಲೆ ಕಂಬಳಿ ಬಿಚ್ಚಿದಳು. ಫೋನುಗಳನ್ನು ಒಂದೊಂದಾಗಿ ಸಾಲಿಗೆ ಜೋಡಿಸಿದಳು. ಊರಿನಲ್ಲಿ ಮನೆಗಳಿದ್ದ ಹಾಗೆಯೇ ಜೋಡಿಸಿದಳು. ಹೊಳೆಯ ಆಚೆ ಹತ್ತು, ಈಚೆ ಮೂವತ್ತೆರಡು.

"ಈಗ ನಕ್ಷೆ ನೋಡಿ ಸಾಹೇಬ್ರೆ."

ಅವನು ನೋಡಿದ. ನೆತ್ತಿಯ ಮೇಲೆ ಒಂದೇ ಒಂದು ಚುಕ್ಕೆ ಉಳಿದಿತ್ತು. ಆ ಒಂದಕ್ಕೆ ನಾಲ್ಕು ಪಾಯಿಖಾನೆ, ಒಂದು ಟ್ಯಾಂಕು, ಒಂದು ಶಾಲೆ. ಉಳಿದ ನಲವತ್ತೆರಡು ಚುಕ್ಕೆ ಆರನೇ ನಂಬರಿನ ಕೋಣೆಯಲ್ಲಿದ್ದವು. ಕೋಣೆ ಕಾಣುತ್ತಲೇ ಇರಲಿಲ್ಲ. ಬರೀ ಕೆಂಪು.

"ಏನಿದು? ತೆಗೀರಿ ಇದನ್ನ!"

"ಫೋನಿದ್ದ ಕಡೆ ಜನ ಅಂದ್ರಲ್ಲ. ಊರು ಇಲ್ಲಿಗೆ ಬಂದೈತೆ. ಈ ಕೋಣೆ ಗಣಿಗೆ ಕೊಡೋದಾದ್ರೆ ಕೊಡಿ. ಕೆರೆ ಇಲ್ಲೇ ಕಟ್ಲಿ."

"ಆಫ್ ಮಾಡ್ತೀನಿ ಎಲ್ಲಾ."

"ಮಾಡಿ. ನಲವತ್ತೆರಡು ಜನ ನಿಮ್ಮ ಕಚೇರಿ ಹೊಕ್ರು, ಕಾಣೆಯಾದ್ರು ಅಂತ ಲಿಮಾದೋರಿಗೆ ಕಾಣ್ತದೆ."

ಗುಂಡಿಯ ಮೇಲಿದ್ದ ಅವನ ಬೆರಳು ನಿಂತಿತು. ಆ ದೇಶದಲ್ಲಿ ಕಚೇರಿ ಹೊಕ್ಕು ಕಾಣೆಯಾದವರ ಕಥೆ ಎಲ್ಲರಿಗೂ ಗೊತ್ತು. ಅವನ ದನಿ ಮೆತ್ತಗಾಯಿತು.

"ನೋಡಿ ತಾಯೀ. ಬಂದದ್ದು ಒಳ್ಳೇದೇ ಆಯ್ತು. ಆ ಹಸಿರು ಗುಂಡಿ ಒಂದು ಒತ್ತಿಬಿಡಿ. ನಲವತ್ತೆರಡು ಸಲ ಅಷ್ಟೇ. ಆಮೇಲೆ ಎಲ್ಲಾ ಸರಿಮಾಡೋಣ."

"ಒತ್ತಲ್ಲ."

"ಒಂದು ನಿಮಿಷದ ಕೆಲಸ."

"ಒತ್ತಲ್ಲ ಅಂದೆ."

ಅವನು ಮೇಜು ಬಳಸಿ ಬಂದ. ಮಕ್ಕಳನ್ನು ಪುಸಲಾಯಿಸುವಂತೆ ನಗುತ್ತ ಅವಳ ಕೈ ಹಿಡಿದ. ಅಸುಂತಾ ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿದಳು. ಅವನು ಕಿರುಬೆರಳು ಬಿಡಿಸಲು ನೋಡಿದ. ಬರಲಿಲ್ಲ. ಎರಡೂ ಕೈ ಹಾಕಿದ. ಆ ಬೆರಳುಗಳು ಹೆಪ್ಪುಗಟ್ಟಿದ ನೆಲದಿಂದ ಆಲೂಗಡ್ಡೆ ಕಿತ್ತಿದ್ದವು, ಸತ್ತ ಗಂಡನ ಬಾಯಿಂದ ಧೂಳು ತೆಗೆದಿದ್ದವು. ಅವನ ಹಣೆಯಲ್ಲಿ ಬೆವರು ಬಂತು. ಕೋಳಿ ಸೂಪು ಆರಿತು. ಮುಷ್ಟಿ ಬಿಚ್ಚಲಿಲ್ಲ. ಬಾಗಿಲಲ್ಲಿ ಗುಮಾಸ್ತೆ ಬಂದು ನಿಂತು ನೋಡುತ್ತಿದ್ದಳು. ಅವಳನ್ನು ಕಂಡು ಅವನು ಕೈ ಬಿಟ್ಟ.

"ಈ ಬೆರಳು ನಂದು," ಅಂದಳು ಅಸುಂತಾ. ಅವಳ ದನಿ ಏರಿರಲಿಲ್ಲ. "ನಮ್ಮೂರ ಸಭೇಲಿ ನನಗೋಸ್ಕರ ಒಂದು ಸಲಾನೂ ಎದ್ದಿಲ್ಲ. ನಿಮಗೋಸ್ಕರ ನೂರ ಎಪ್ಪತ್ತೆರಡು ಸಲ ಒತ್ತೈತೆ. ಸಾಕು."

ನೆಲದ ಮೇಲೆ ಒಂದು ಫೋನು ಬಡಿದುಕೊಂಡಿತು. ಹೊಳೆಯ ಈಚೆಯ ಮೂರನೆಯದು.

"ಅದು ಹೆನಾರಾಂದು. ಮಗಳು ರುಫಿನಾ ಅರೆಕಿಪಾದಲ್ಲಿ ಮನೆಗೆಲ್ಸಕ್ಕವ್ಳೆ, ಗುರುವಾರ ಮಾಡ್ತಾಳೆ. ಎತ್ತಿ ಸಾಹೇಬ್ರೆ. ಫೋನಿನ ಹತ್ರ ಕೂತೋರೇ ಸುದ್ದಿ ಒಯ್ಬೇಕು, ನಮ್ಮಲ್ಲಿ ಹಂಗೇ. ಅವ್ಳು ಹೆಂಗಂತಾಳೋ ಹಂಗೇ ಹೇಳ್ಬೇಕು, ಅವ್ಳ ದನೀಲೇ."

"ನಾನ್ಯಾಕೆ? ಎಲ್ಲಿಗೆ?"

"ಸೊರಪಂಪಕ್ಕೆ. ದಾರಿ ಗೊತ್ತಾಗ್ದಿದ್ರೆ, ಅಲ್ಲಿ ಯಾರೂ ಇಲ್ಲ ಅಂದ್ರಲ್ಲ, ಆ ಯಾರೂ ಇಲ್ಲದೋರನ್ನೇ ಕೇಳಿ."

ಖಾಲಿ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಬಂದಳು. ಹಿಂದೆ ಎರಡನೆಯ ಫೋನು ಬಡಿದುಕೊಂಡಿತು. ಆಮೇಲೆ ಮೂರನೆಯದು. ಪಟ್ಟಣದಲ್ಲಿ ಸಿಗ್ನಲ್ ಚೆನ್ನಾಗಿತ್ತು.

ಕಚೇರಿಯಲ್ಲಿ ಆಮೇಲೆ ನಡೆದದ್ದನ್ನು ಆಲೂಗಡ್ಡೆ ಲಾರಿಯವನು ತುಂಡುತುಂಡಾಗಿ ತಂದು ಹೇಳಿದ. ನೆತ್ತಿಯಿಂದ ಮೂರು ಪಾಯಿಖಾನೆ ಇಳಿಸಿ ಕಚೇರಿಯ ಅಂಗಳದಲ್ಲಿ ನಿಲ್ಲಿಸಿದರಂತೆ. ಒಂದನ್ನು ಇಲಾರಿಯೋನನಿಗೆ ಬಿಟ್ಟಿದ್ದರು. ಕರಿಹಲಗೆಯೂ ಬಂತಂತೆ. ನಲವತ್ತೆರಡು ನಾಗರಿಕರು ಒಂದೇ ಕೋಣೆಯಲ್ಲಿ ಅಲ್ಲಾಡದೆ ಯಾಕೆ ಬಿದ್ದಿದ್ದಾರೆ ಅಂತ ಲಿಮಾದಿಂದ ದಿನಾ ಕೇಳುತ್ತಿದ್ದರಂತೆ. ಅವರು ಅಲ್ಲಿಲ್ಲ ಅನ್ನುವುದಾದರೆ ಎಲ್ಲಿದ್ದಾರೆ, ಖುದ್ದು ಹೋಗಿ, ಮುಖ ನೋಡಿ, ಹೆಸರು ಬರೆಸಿಕೊಂಡು ಬಾ ಅಂತ ಬೆರ್ಮೂದೆಸ್‌ಗೆ ಆಜ್ಞೆಯಾಯಿತಂತೆ.

ಹನ್ನೊಂದನೆಯ ದಿನ ಹೆಂಗಸರು ಹೊಳೆಯ ದಂಡೆಯಲ್ಲಿ ಆಲೂಗಡ್ಡೆ ತುಳಿಯುತ್ತಿದ್ದರು. ರಾತ್ರಿಯ ಹಿಮಕ್ಕೆ ಹರಡಿ ಹೆಪ್ಪುಗಟ್ಟಿಸಿದ ಆಲೂಗಡ್ಡೆಯನ್ನು ಬರಿಗಾಲಲ್ಲಿ ತುಳಿದು ನೀರು ಹಿಂಡಿ ಒಣಗಿಸಿದರೆ ಅದು ಚುನ್ಯೊ ಆಗುತ್ತದೆ, ಹತ್ತು ವರ್ಷ ಕೆಡುವುದಿಲ್ಲ. ಅಸುಂತಾಳ ಕಾಲು ಮರಗಟ್ಟಿತ್ತು. ಏರಿನ ಮೇಲೆ ಒಬ್ಬ ಗಂಡಸು ಕಂಡ. ಬೆನ್ನ ಮೇಲೆ ಗಂಟು. ಕೈಯಲ್ಲಿ ಬೂಟು. ನಾಲ್ಕು ಹೆಜ್ಜೆಗೊಮ್ಮೆ ಕೂರುತ್ತಿದ್ದ. ಜೀಪು ನೆತ್ತಿಯಿಂದ ಈಚೆಗೆ ಇಳಿಯುವುದಿಲ್ಲ. ಅವನ ಫೋನು ಎರಡನೆಯ ತಿರುವಿನಲ್ಲೇ ಸತ್ತಿತ್ತು. ನಕ್ಷೆಯ ಪ್ರಕಾರ ಇಂಜಿನಿಯರ್ ಸಾಹೇಬರು ಆಗ ಎಲ್ಲಿಯೂ ಇರಲಿಲ್ಲ.

ಬಂದು ದಂಡೆಯ ಮೇಲೆ ಫೋನುಗಳ ಗಂಟು ಇಳಿಸಿದ. ಉಸಿರು ಸಿಗುತ್ತಿರಲಿಲ್ಲ. ಜೇಬಿನಿಂದ ಕಾಗದ ತೆಗೆದ.

"ಮೊದ್ಲು ಸುದ್ದಿ ಹೇಳಿ," ಅಂದಳು ಅಸುಂತಾ. ತುಳಿಯುವುದು ನಿಲ್ಲಿಸಲಿಲ್ಲ. "ಹೆನಾರಾ ಇಲ್ಲೇ ಅವ್ಳೆ."

ಬೆರ್ಮೂದೆಸ್ ಹೆಂಗಸರನ್ನು ನೋಡಿದ. ಹದಿನೈದು ಜೊತೆ ಕಾಲು, ಕೆಂಪಗೆ. "ನಿಮ್ಮ ಮಗಳು ಫೋನು ಮಾಡಿದ್ರು. ವಿಷಯ ಏನಂದ್ರೆ..."

"ಹಂಗಲ್ಲ. ಅವ್ಳ ದನೀಲಿ."

ಅವನು ಕಾಗದ ಮಡಚಿ ಹಿಡಿದ. ದಪ್ಪ ಗಂಟಲು ಸಣ್ಣದು ಮಾಡಿದ. "ಅವ್ವಾ, ನಾನು ರುಫಿನಾ. ಎರಡು ಗುರುವಾರದಿಂದ ಮಾಡ್ತಿದೀನಿ. ಯಾವನೋ ಒಬ್ಬ ಎತ್ತಿ ತಪ್ಪು ನಂಬರು ಅಂತಾನೆ. ಹೆದ್ರಿಕೆ ಆಗ್ತೈತವ್ವಾ. ಯಾಕೆ ಯಾರೂ ಮಾತಾಡ್ತಿಲ್ಲ? ನೀವೆಲ್ಲ ಇದೀರಾ, ಇಲ್ವಾ?"

ಒಬ್ಬಳು ಕಿಸಕ್ಕೆಂದಳು. ಆಮೇಲೆ ಯಾರೂ ನಗಲಿಲ್ಲ. ಅವನೂ ಆ ಪ್ರಶ್ನೆಯನ್ನು ಅಲ್ಲಿ ನಿಂತು ಹೇಳಿದ ಮೇಲೆಯೇ ಕೇಳಿಸಿಕೊಂಡಂತೆ ಬಾಯಿ ತೆರೆದೇ ನಿಂತ.

"ಇದೀವಿ," ಅಂದಳು ಹೆನಾರಾ.

"ಇದೀವಿ ಕಣಪ್ಪಾ," ಅಂದಳು ಪಕ್ಕದವಳು. ಸಾಲು ಪೂರಾ ಅದನ್ನೇ ಅಂದಿತು.

ಅವನು ಕಾಗದ ಬಿಡಿಸಿದ. ಸೊರಪಂಪ ಕಣಿವೆಯಲ್ಲಿ ವಾಸವಿರುವವರು ಅಂತ ಮೇಲೆ ಬರೆದಿತ್ತು, ಕೆಳಗೆ ನಲವತ್ತಮೂರು ಗೆರೆ. ಕೆರೆಯ ಮಾತು ಅದರಿಂದ ಮುಗಿಯುತ್ತಿರಲಿಲ್ಲ. ಗಣಿ ಇನ್ನೂ ಅಲ್ಲೇ ಇತ್ತು. ಆದರೆ ಆ ಗೆರೆಗಳ ಮೇಲೆ ಹೆಸರು ಬಿದ್ದರೆ, ಕಣಿವೆ ಖಾಲಿ ಇದೆ ಅಂತ ಇನ್ನು ಬರೆಯುವಂತಿರಲಿಲ್ಲ. ಸುದ್ದಿ ತಿಳಿದು ತೆಯೊದೋಸಿಯೊ ಕೋಲು ಹಿಡಿದು ಓಡಿಬಂದಿದ್ದ. ಹೆಬ್ಬೆಟ್ಟು ಒತ್ತಲು ಅವನೇ ಮೊದಲು ಬೆರಳು ಚಾಚಿದ.

"ತಡಿ," ಅಂದಳು ಅಸುಂತಾ. "ಸಾಹೇಬ್ರೆ, ಗೆರೆ ಸಾಲ್ದು. ಇನ್ನೊಂದು ಎಳೀರಿ."

"ಫೋನು ನಲವತ್ತಮೂರೇ ಅಲ್ವಾ? ನಿಮ್ಮ ಫೋನು ಯಾವುದು?"

"ನನ್ನ ಹತ್ರ ಫೋನಿಲ್ಲ."

ಬೆರ್ಮೂದೆಸ್ ತೆಯೊದೋಸಿಯೊನನ್ನು ನೋಡಿದ. ತೆಯೊದೋಸಿಯೊ ತನ್ನ ಕೋಲಿನ ಬೆಳ್ಳಿ ನೋಡಿದ. ಊರಿನ ಪಟ್ಟಿಯಲ್ಲಿ ಅವಳಿಲ್ಲ ಎಂದು ಹೇಳಲು ಬಾಯಿ ತೆರೆದ. ಹದಿನೈದು ಹೆಂಗಸರು ತುಳಿಯುವುದನ್ನು ನಿಲ್ಲಿಸಿ ಅವನತ್ತ ತಿರುಗಿದರು. ಅವನು ಬಾಯಿ ಮುಚ್ಚಿದ.

ಅಲ್ಲಿ ಮೇಜು ಇರಲಿಲ್ಲ. ಇಂಜಿನಿಯರ್ ಸಾಹೇಬರು ಒದ್ದೆ ಹುಲ್ಲಿನಲ್ಲಿ ಮಂಡಿಯೂರಿ, ಬೂಟಿನ ತಳದ ಮೇಲೆ ಕಾಗದ ಇಟ್ಟುಕೊಂಡು, ಕೊನೆಯ ಗೆರೆಯ ಕೆಳಗೆ ಇನ್ನೊಂದು ಎಳೆಯತೊಡಗಿದರು. ಚಳಿಗೆ ಅವರ ಬೆರಳು ಮರಗಟ್ಟಿತ್ತು. ಗೆರೆ ನಡುಗಿತು.

"ನೆಟ್ಟಗೆ ಎಳೀರಿ," ಅಂದಳು ಅಸುಂತಾ. ಮತ್ತೆ ತುಳಿಯತೊಡಗಿದಳು.